ಮನೆ ಯಜಮಾನರ ಗುಂಡಿ ಲೆಕ್ಕ

ಮನೆ ಕಟ್ಟುವವರು ಎಲ್ಲದರ ರೇಟು ಕೇಳುತ್ತಾರೆ. ಸಿಮೆಂಟು ಚೀಲಕ್ಕೆ ಎಷ್ಟು, ಕಬ್ಬಿಣ ಟನ್ನಿಗೆ ಎಷ್ಟು, ಟೈಲ್ಸು ಅಡಿಗೆ ಎಷ್ಟು, ತೇಗದ ಬಾಗಿಲಿಗೆ ಎಷ್ಟು, ಗೃಹಪ್ರವೇಶದ ಪುರೋಹಿತರಿಗೆ ಎಷ್ಟು. ಪಿಟ್ಟು ಯಾವ ಮೂಲೆಗೆ ಬರಬೇಕು ಅಂತ ವಾಸ್ತು ಪಂಡಿತನಿಗೆ ದಕ್ಷಿಣೆ ಕೊಟ್ಟು ಕೇಳುತ್ತಾರೆ. ಈಶಾನ್ಯ ಮೂಲೆಯಲ್ಲಿ ಹೇಲು ಬಿದ್ದರೆ ಮನೆಗೆ ದರಿದ್ರ ಹತ್ತುತ್ತದಂತೆ. ಆದರೆ ಆ ಗುಂಡಿ ತುಂಬಿದ ದಿನ ಯಾರು ತೆಗೆಯಬೇಕು, ಯಾವುದರಿಂದ ತೆಗೆಯಬೇಕು, ಅದಕ್ಕೆ ಎಷ್ಟು ದುಡ್ಡು ಎತ್ತಿಡಬೇಕು ಅನ್ನುವುದನ್ನು ಮಾತ್ರ ಒಬ್ಬರೂ ಕೇಳುವುದಿಲ್ಲ. ಯಾಕೆ ಕೇಳಬೇಕು? ಉತ್ತರ ಅವರ ಅಪ್ಪನ ಕಾಲದಿಂದಲೂ ಗೊತ್ತಿದೆ. ಕೇರಿಯಲ್ಲಿ ಒಬ್ಬ ಇದ್ದಾನೆ. ಹೇಳಿ ಕಳಿಸಿದರೆ ಬರುತ್ತಾನೆ. ಒಂದು ಕ್ವಾರ್ಟರ್, ಐನೂರು ರೂಪಾಯಿ. ಮುಗಿಯಿತು.

ಈ 'ಮುಗಿಯಿತು' ಅನ್ನುವ ಮಾತನ್ನು ನಾವು ಇಲ್ಲಿ ಬಿಚ್ಚಿ ನೋಡಬೇಕಾಗಿದೆ.

ಓದುವ ಹುಡುಗರಿಗೆ ಮೋರಿ, ಗುಂಡಿಯ ವಿಷಯ ಯಾಕೆ ಅಂತ ಕೇಳುವವರು ಇದ್ದಾರೆ. ಅವರಿಗೆ ನೆನಪು ಮಾಡಿಕೊಡುತ್ತೇವೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಲದ ಗುಂಡಿ ತೊಳೆಯಲು ಇಳಿಸಿದ್ದು ಯಾರನ್ನು? ಕೂಲಿಯವರನ್ನಲ್ಲ, ಟ್ಯಾಂಕರಿನವರನ್ನಲ್ಲ, ಅಲ್ಲಿ ಓದುತ್ತಿದ್ದ ದಲಿತ ಮಕ್ಕಳನ್ನು. ವಿಡಿಯೋ ಹೊರಗೆ ಬಂತು, ಗಲಾಟೆಯಾಯಿತು, ಅಮಾನತು ಆಯಿತು, ಬಂಧನವೂ ಆಯಿತು. ವಿಡಿಯೋ ಬರದಿದ್ದರೆ? ಪುಸ್ತಕ ಹಿಡಿಯಲು ಬಂದ ಕೈಗೆ ಬಕೆಟ್ಟು ಕೊಟ್ಟವರ ತಲೆಯಲ್ಲಿ ಇದ್ದದ್ದು ಅದೇ ಹಳೆಯ ಲೆಕ್ಕ: ಈ ಕೆಲಸಕ್ಕೆ ಇವರು ಇದ್ದಾರೆ, ದುಡ್ಡು ಯಾಕೆ ದಂಡ?

ಆದ್ದರಿಂದ ಇದು ನಮ್ಮ ವಿಷಯ. ಹಾಸ್ಟೆಲಿನ ಕೋಣೆಯಲ್ಲಿ ಕೂತು ಓದುವಾಗಲೂ ನಮ್ಮ ವಿಷಯ.

ತಲೆಯಿಂದ ಇಳಿದದ್ದು ಎಲ್ಲಿಗೆ ಹೋಯಿತು?

ಕರ್ನಾಟಕದಲ್ಲಿ ಮನುಷ್ಯನ ತಲೆ ಮೇಲೆ ಮನುಷ್ಯನ ಮಲ ಹೊರಿಸುವುದನ್ನು ನಿಲ್ಲಿಸಿ ಅಂತ ಆಜ್ಞೆ ಮಾಡಿದವರು 1970ರ ದಶಕದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. 1973ರಲ್ಲಿ ಬೂಸಾ ಮಾತನ್ನು ಹಿಡಿದು ಅವರ ಮೇಲೆ ಬಿದ್ದವರಿಗೆ ಸಾಹಿತ್ಯದ ಮೇಲಿನ ಪ್ರೀತಿಯೊಂದೇ ಕಾರಣವಾಗಿರಲಿಲ್ಲ. ಮಲದ ಬುಟ್ಟಿ ಇಳಿಸಿ ಅಂದವನ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು. ಅವತ್ತು ಅವರ ಪರವಾಗಿ ನಿಂತು ಏಟು ತಿಂದವರಲ್ಲಿ ಹಾಸ್ಟೆಲ್ ಹುಡುಗರಿದ್ದರು. ಈ ಚಳವಳಿಯ ಬೇರು ಅಲ್ಲಿದೆ.

ಬುಟ್ಟಿ ಇಳಿಯಿತು. ಆದರೆ ಬುಟ್ಟಿಯಲ್ಲಿದ್ದದ್ದು ಮಾಯವಾಯಿತೇ? ಒಣ ಕಕ್ಕಸು ಹೋಗಿ ನೀರು ಸುರಿಯುವ ಕಕ್ಕಸು ಬಂತು. ಮಲ ಕಣ್ಣಿಗೆ ಕಾಣದ ಹಾಗೆ ಪೈಪಿನಲ್ಲಿ ಹರಿದು ಒಂದು ಕಡೆ ಮ್ಯಾನ್‌ಹೋಲಿಗೆ, ಇನ್ನೊಂದು ಕಡೆ ಸಿಮೆಂಟು ರಿಂಗ್ ಇಳಿಸಿದ ಗುಂಡಿಗೆ ಹೋಯಿತು. ಕಾಣದಿದ್ದರೆ ಇಲ್ಲ ಅಂತ ಮೇಲ್ಜಾತಿ ಮನಸ್ಸು ತೀರ್ಮಾನ ಮಾಡಿತು. ಮೊದಲು ನಮ್ಮವನು ಹೊತ್ತುಕೊಂಡು ಹೋಗುತ್ತಿದ್ದ. ಈಗ ಅದರೊಳಕ್ಕೆ ಇಳಿಯಬೇಕಾಯಿತು. ಹೊರುವವನು ಬದುಕಿಯಾದರೂ ಇರುತ್ತಿದ್ದ. ಇಳಿದವನು ಮೇಲೆ ಬರುತ್ತಾನೆ ಅಂತ ಹೇಳುವಂತಿಲ್ಲ.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಜನ ಹೇಲನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡು ಪುರಸಭೆಯ ಮುಂದೆ ನಿಂತರು. ಇರುವ ಜಾಗದಿಂದ ಎತ್ತಂಗಡಿ ಮಾಡಲು ಹೊರಟವರಿಗೆ ಅದು ಅವರ ಅರ್ಜಿ. ಕಾಗದದಲ್ಲಿ ಕೊಟ್ಟ ಅರ್ಜಿಗಳನ್ನು ಯಾರೂ ಓದಿರಲಿಲ್ಲ. ಊರು ಮೂಗು ಮುಚ್ಚಿಕೊಂಡು ಈ ಅರ್ಜಿ ಓದಿತು. ತನ್ನದೇ ಮಲದ ನಾತ ಊರಿಗೆ ಹತ್ತಿದ್ದು ಅವತ್ತು.

ಗುಂಡಿಯಲ್ಲಿ ಏನಿದೆ?

ಸೈನ್ಸ್ ಓದುವ ಹುಡುಗರು ಲ್ಯಾಬಿನಲ್ಲಿ ಕಿಪ್ಸ್ ಉಪಕರಣದ ಬಗ್ಗೆ ಕೇಳಿದ್ದೀರಿ. ಕಬ್ಬಿಣದ ಸಲ್ಫೈಡಿನ ಮೇಲೆ ಆಸಿಡ್ಡು ಬಿದ್ದರೆ ಕೊಳೆತ ಮೊಟ್ಟೆಯ ನಾತ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಮುಚ್ಚಿದ ಗುಂಡಿಯಲ್ಲಿ, ಮ್ಯಾನ್‌ಹೋಲಿನಲ್ಲಿ ಮಲ ಕೊಳೆತು ಅದೇ ಅನಿಲ ಹುಟ್ಟುತ್ತದೆ. ಗಾಳಿಗಿಂತ ಭಾರ, ಆದ್ದರಿಂದ ತಳದಲ್ಲಿ ಕೂತಿರುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇದು ನೂರು ಪಾಲು ಸೇರಿದರೆ ಕೆಲವೇ ನಿಮಿಷಕ್ಕೆ ಮೂಗು ಸಾಯುತ್ತದೆ, ನಾತವೇ ಗೊತ್ತಾಗುವುದಿಲ್ಲ. 'ವಾಸನೆ ಇಲ್ಲ, ಇಳಿಯೋ' ಅಂತ ಮೇಲಿನವನು ಹೇಳುವ ಹೊತ್ತಿಗೆ ಕೆಳಗೆ ಸಾವು ಕೂತಿರಬಹುದು. ಏಳುನೂರು, ಸಾವಿರ ಪಾಲಿಗೆ ಏರಿದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ಜೊತೆಗೆ ಮೀಥೇನ್ ಇರುತ್ತದೆ, ಬೀಡಿ ಕಡ್ಡಿ ಗೀರಿದರೆ ಹೊತ್ತಿಕೊಳ್ಳುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಇರುವ ಆಮ್ಲಜನಕ ಅಲ್ಲಿ ಎಷ್ಟಿದೆಯೋ ಅಳತೆ ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ.

ಬಟ್ಟೆಯ ಮಾಸ್ಕು ಇದನ್ನು ತಡೆಯುವುದಿಲ್ಲ. ರಬ್ಬರಿನ ಗ್ಲೌಸು ಇದನ್ನು ತಡೆಯುವುದಿಲ್ಲ. ಹೊಟ್ಟೆಗೆ ಹಾಕಿದ ಕ್ವಾರ್ಟರ್ ಮೊದಲೇ ತಡೆಯುವುದಿಲ್ಲ. ನಾತ ತಡೆದುಕೊಳ್ಳಲಿ ಅಂತ ಕುಡಿಸಿ ಇಳಿಸುತ್ತಾರೆ. ಸತ್ತರೆ 'ಕುಡಿದು ಬಿದ್ದ' ಅಂತ ಪೊಲೀಸರಿಗೆ ಹೇಳುತ್ತಾರೆ. ಕುಡಿಸಿದ ಕೈಗೇ ಸಾಕ್ಷಿ ಹೇಳುವ ಅಧಿಕಾರ!

ಒಬ್ಬ ಬಿದ್ದರೆ ಇನ್ನೊಬ್ಬ ಎತ್ತಲು ಹೋಗುತ್ತಾನೆ. ಅವನೂ ಬೀಳುತ್ತಾನೆ. 2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಒಂದೇ ಮ್ಯಾನ್‌ಹೋಲಿನಲ್ಲಿ ಹೀಗೆ ಒಬ್ಬರ ಹಿಂದೆ ಒಬ್ಬರು ಮೂವರು ಸತ್ತರು. ಅದು ರಸ್ತೆಯ ಮ್ಯಾನ್‌ಹೋಲು, ಸರ್ಕಾರದ ತಪ್ಪು ಅಂತ ಮನೆ ಮಾಲೀಕರು ಕೈ ತೊಳೆದುಕೊಳ್ಳಬಹುದು. ಹಾಗಾದರೆ 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಲೇಔಟ್ ಪಕ್ಕದ ಸೋಮಸುಂದರಪಾಳ್ಯದಲ್ಲಿ ಮೂವರು ಸತ್ತದ್ದು ಎಲ್ಲಿ? ಒಂದು ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣದ ತೊಟ್ಟಿಯಲ್ಲಿ. ಗೇಟು, ಕಾವಲುಗಾರ, ಲಿಫ್ಟು, ಪಾರ್ಕಿಂಗು ಎಲ್ಲ ಇರುವ ಕಡೆ. ಗುಂಡಿಯೊಳಗಿನ ಗಾಳಿ ಅಳೆಯುವ ಒಂದು ಯಂತ್ರ ಮಾತ್ರ ಇಲ್ಲ.

ಕಟ್ಟಿಕೊಂಡ ಮೋರಿಗೆ ದಾರಿಗಳು ಇಲ್ಲವೇ?

'ಮನುಷ್ಯ ಇಳಿಯದೆ ಆಗಲ್ಲ ಸ್ವಾಮಿ' ಅನ್ನುವುದು ಹಸಿ ಸುಳ್ಳು. ಎಷ್ಟು ಸುಳ್ಳು ಅಂತ ಲೆಕ್ಕ ಹಾಕಿ ತೋರಿಸುತ್ತೇವೆ. ಬೇಕಾದರೆ ಈ ಹಾಳೆಯನ್ನೇ ಮನೆ ಮಾಲೀಕರ ಕೈಗೆ ಕೊಡಿ.

ಮೊದಲು ಅಡುಗೆಮನೆ, ಬಚ್ಚಲು. ಸಿಂಕು ಕಟ್ಟಿಕೊಳ್ಳುವುದು ಕರಿದ ಎಣ್ಣೆ, ಅನ್ನದ ಅಗುಳು, ಟೀ ಚರಟದಿಂದ. ಬಚ್ಚಲು ಕಟ್ಟಿಕೊಳ್ಳುವುದು ಕೂದಲಿನಿಂದ. ಸಿಂಕಿನ ಕೆಳಗೆ ಬಾಗಿದ ಪೈಪು ಒಂದಿದೆ, ಟ್ರ್ಯಾಪು ಅಂತಾರೆ. ಕೆಳಗೆ ಬಕೆಟ್ಟು ಇಟ್ಟು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಅದಕ್ಕೆ ಪ್ಲಂಬರೂ ಬೇಡ. ಖರ್ಚು ಸೊನ್ನೆ. ರಬ್ಬರ್ ಬಟ್ಟಲು ಇರುವ ಕೋಲೊಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ನೂರಿನ್ನೂರು ರೂಪಾಯಿ. ತೂತಿನ ಮೇಲಿಟ್ಟು ಒತ್ತಿ ಒತ್ತಿ ಎಳೆದರೆ ಬಹುಪಾಲು ಕಟ್ಟು ಬಿಡುತ್ತದೆ. ಬಿಡದಿದ್ದರೆ ಸ್ಪ್ರಿಂಗ್ ತಂತಿ ಇದೆ, ಪೈಪಿನೊಳಗೆ ತಿರುಗಿಸುತ್ತಾ ಬಿಟ್ಟು ಸಿಕ್ಕಿದ್ದನ್ನು ಎಳೆಯುವುದು. ಅದೂ ನೂರರ ಲೆಕ್ಕ. ಎಣ್ಣೆಯನ್ನು ಸಿಂಕಿಗೆ ಸುರಿಯದೆ ಹಳೆ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿದರೆ ಇವೆಲ್ಲ ಬೇಕಾಗುವುದೂ ಅಪರೂಪ.

ಎರಡನೆಯದು ಚೇಂಬರು. ಮನೆಯ ಪೈಪು ಬಂದು ಸೇರುವ ಸಣ್ಣ ತೊಟ್ಟಿ. ಮುಚ್ಚಳ ತೆಗೆದು ಗಾಳಿ ಆಡಲು ಬಿಟ್ಟು, ಮೇಲೆ ನಿಂತೇ ಉದ್ದನೆಯ ಬಿದಿರು ದಬ್ಬೆ ಇಲ್ಲವೇ ಒಂದಕ್ಕೊಂದು ಜೋಡಿಸುವ ಸರಳು ತಳ್ಳಿ, ಹಿಂದಿನಿಂದ ನೀರು ಬಿಟ್ಟರೆ ಕಟ್ಟು ಒಡೆಯುತ್ತದೆ. ಇಳಿಯುವ ಮಾತೇ ಇಲ್ಲ. ಇಲ್ಲಿ ಕಟ್ಟಿಕೊಳ್ಳುವುದು ಯಾವುದು ಗೊತ್ತೇ? ಬಟ್ಟೆ ಚೂರು, ಪ್ಯಾಡು, ಮಕ್ಕಳ ಡೈಪರು, ಪ್ಲಾಸ್ಟಿಕ್ಕು. ಕಕ್ಕಸಿಗೆ ಹಾಕಬಾರದ್ದನ್ನು ಹಾಕಿ ನೀರು ಸುರಿದವರೇ, ಆಮೇಲೆ ಅದನ್ನು ಬರಿಗೈಯಲ್ಲಿ ತೆಗೆಯುವವನನ್ನು ಗೇಟಿನ ಹೊರಗೆ ನಿಲ್ಲಿಸಿ ಲೋಟ ಎತ್ತಿ ಹಿಡಿದು ನೀರು ಹೊಯ್ಯುತ್ತಾರೆ.

ಮೂರನೆಯದು ದೂರದ ಪೈಪು, ದೊಡ್ಡ ಕಟ್ಟು. ಅದಕ್ಕೆ ಜೆಟ್ಟಿಂಗ್ ಮಷಿನ್ ಇದೆ. ರಭಸದ ನೀರನ್ನು ಪೈಪಿನೊಳಗೆ ನುಗ್ಗಿಸಿ ಕಟ್ಟಿದ್ದನ್ನು ಕೊಚ್ಚುತ್ತದೆ. ಬೆಂಗಳೂರಿನಲ್ಲಿ ಜಲಮಂಡಳಿಯ ಹತ್ತಿರ ಇದೆ, ಊರುಗಳಲ್ಲಿ ನಗರಸಭೆ, ಪುರಸಭೆ ತರಿಸಬೇಕು. ರಸ್ತೆಯ ಯುಜಿಡಿ ಕಟ್ಟಿಕೊಂಡರೆ ದೂರು ಕೊಡುವುದೇ ಮನೆಯವರ ಕೆಲಸ. ಖಾಸಗಿಯಾಗಿ ಒಬ್ಬನನ್ನು ಹಿಡಿದು ತಂದು ರಾತ್ರಿ ಹೊತ್ತು ಮುಚ್ಚಳ ಎತ್ತಿಸುವುದಲ್ಲ.

ನಾಲ್ಕನೆಯದು ಪಿಟ್ಟು, ಅಂದರೆ ಸೆಪ್ಟಿಕ್ ಟ್ಯಾಂಕು. ಇದೇ ಕೊಲೆಯ ಜಾಗ. 2007ರಲ್ಲಿ ಬೆಂಗಳೂರಿಗೆ 110 ಹಳ್ಳಿಗಳನ್ನು ಸೇರಿಸಿದರು. ಲೇಔಟು ಬಂತು, ಯುಜಿಡಿ ಕೂಡಲೇ ಬರಲಿಲ್ಲ. ಮನೆಗೊಂದು ಗುಂಡಿಯಾಯಿತು. ಸಣ್ಣ ಊರುಗಳ ಕಥೆಯೂ ಇದೇ. ಎರಡು ಮೂರು ವರ್ಷಕ್ಕೊಮ್ಮೆ ಗುಂಡಿಯ ಕೆಸರು ತೆಗೆಸಬೇಕು ಅನ್ನುವುದು ಎಂಜಿನಿಯರುಗಳ ಪುಸ್ತಕದಲ್ಲಿರುವ ಮಾತು. ಹೀಗೆ ಕಾಲಕ್ಕೆ ಸರಿಯಾಗಿ ತೆಗೆಸಿದರೆ ಕೆಸರು ತೆಳ್ಳಗಿರುತ್ತದೆ, ಟ್ಯಾಂಕರಿನ ಪೈಪು ಬಿಟ್ಟರೆ ಹೀರಿಕೊಂಡು ಹೋಗುತ್ತದೆ. ಮನೆಯವರು ಏನು ಮಾಡುತ್ತಾರೆ? ತುಂಬಿ ಉಕ್ಕಿ ಅಂಗಳಕ್ಕೆ ಬರುವ ತನಕ, ಹತ್ತು ವರ್ಷ, ಹದಿನೈದು ವರ್ಷ ಮುಟ್ಟುವುದಿಲ್ಲ. ಮುಚ್ಚಳದ ಮೇಲೆ ಟೈಲ್ಸು ಹಾಕಿ ಕಾರು ನಿಲ್ಲಿಸಿರುತ್ತಾರೆ. ಅಷ್ಟು ಹೊತ್ತಿಗೆ ತಳದ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಟ್ಯಾಂಕರು ಮೇಲಿನ ನೀರು ಹೀರಿ ಹೋಗುತ್ತದೆ. ಆಗ ಹೊರಡುತ್ತದೆ ಆ ಮಾತು: 'ತಳದಲ್ಲಿ ಗಟ್ಟಿ ಇದೆ, ಒಬ್ಬ ಇಳಿದು ಸನಿಕೆಯಲ್ಲಿ ಎತ್ತಬೇಕು.'

ಗಮನಿಸಿ ಗೆಳೆಯರೇ. ಇಳಿಯಬೇಕಾದ ಪರಿಸ್ಥಿತಿ ತಾನಾಗಿ ಹುಟ್ಟಿದ್ದಲ್ಲ. ಮೂರು ವರ್ಷಕ್ಕೊಮ್ಮೆ ಟ್ಯಾಂಕರಿಗೆ ಕೊಡುವ ದುಡ್ಡು ಉಳಿಸಿ ಉಳಿಸಿ ಹುಟ್ಟಿಸಿದ್ದು. ಅಲ್ಲೂ ದಾರಿ ಇದೆ. ನೀರು ಬಿಟ್ಟು, ಜೆಟ್ಟಿನಿಂದ ಕಲಕಿ, ಮತ್ತೆ ಹೀರಿಸಬೇಕು. ಒಂದು ಲೋಡಿನ ಬದಲು ಎರಡು ಮೂರು ಲೋಡು ಆಗುತ್ತದೆ. ಹತ್ತು ವರ್ಷ ಉಳಿಸಿದ್ದರಲ್ಲಿ ಸ್ವಲ್ಪ ಕಕ್ಕಬೇಕಾಗುತ್ತದೆ. ಅಷ್ಟೇ.

ಆಸಿಡ್ಡಿನ ಬಗ್ಗೆಯೂ ಒಂದು ಮಾತು. ಕಟ್ಟಿಕೊಂಡ ಕೂಡಲೇ ಬಾಟಲಿ ಆಸಿಡ್ಡು, ಕಾಸ್ಟಿಕ್ ಪುಡಿ ಸುರಿಯುವ ಚಾಳಿ ಇದೆ. ಅಗ್ಗ, ಕೈ ಕೊಳೆಯಾಗುವುದಿಲ್ಲ. ಆದರೆ ಅದು ಗುಂಡಿಯಲ್ಲಿ ಮಲ ಕರಗಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ, ಗುಂಡಿ ಬೇಗ ತುಂಬುತ್ತದೆ. ಆಸಿಡ್ಡಿಗೆ ಬ್ಲೀಚಿಂಗ್ ಪೌಡರು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸುರಿದವರು ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಾರೆ. ಮಾರನೆಯ ದಿನ ಆ ಚೇಂಬರಿನ ಮುಚ್ಚಳ ತೆಗೆಯುವವನ ಕಣ್ಣು, ಕೈಯ ಚರ್ಮ ಏನಾಗುತ್ತದೆ ಅಂತ ಬಾಟಲಿಯ ಮೇಲೆ ಯಾರೂ ಬರೆದಿರುವುದಿಲ್ಲ.

ಈಗ ದುಡ್ಡಿನ ಲೆಕ್ಕ

ಒಂದು ಲೋಡು ಟ್ಯಾಂಕರಿಗೆ ಊರಿಗೊಂದು ದರ. ಜಾಸ್ತಿಯೇ ಹಿಡಿಯೋಣ, ಮೂರು ಸಾವಿರ ರೂಪಾಯಿ ಅನ್ನೋಣ. ಮೂರು ವರ್ಷಕ್ಕೊಮ್ಮೆ. ಮೂರು ವರ್ಷಕ್ಕೆ 1,095 ದಿನ. ಭಾಗಿಸಿ. ದಿನಕ್ಕೆ ಎರಡು ರೂಪಾಯಿ ಎಪ್ಪತ್ತನಾಲ್ಕು ಪೈಸೆ. ಒಂದು ಇಡೀ ಮನೆಯ ಲೆಕ್ಕ ಇದು. ಮನೆಯಲ್ಲಿ ಐದು ಜನ ಇದ್ದರೆ ತಲೆಗೆ ದಿನಕ್ಕೆ ಐವತ್ತೈದು ಪೈಸೆ. ಐವತ್ತೈದು ಪೈಸೆಗೆ ಇವತ್ತು ಬೆಂಕಿಪೊಟ್ಟಣವೂ ಬರುವುದಿಲ್ಲ.

ಈ ಐವತ್ತೈದು ಪೈಸೆ ಉಳಿಸಲು ಒಬ್ಬನನ್ನು ಇಳಿಸುತ್ತಾರೆ. ಅವನು ಸತ್ತರೆ? 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು 1993ರಿಂದ ಈಚೆಗೆ ಮೋರಿ, ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ತಲಾ ಹತ್ತು ಲಕ್ಷ ಕೊಡಿ ಎಂದಿತು. 2023ರ ಅಕ್ಟೋಬರ್ 20ರಂದು ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಚೆಕ್ಕಿಗಾಗಿ ಹೆಂಡತಿ ಮಕ್ಕಳು ಎಷ್ಟು ಕಚೇರಿ ಅಲೆಯಬೇಕು ಅನ್ನುವುದು ಬೇರೆ ಕಥೆ. ಮೂವತ್ತು ಲಕ್ಷ ಕೊಟ್ಟ ಮೇಲೂ ಅಪ್ಪ ಮನೆಗೆ ಬರುವುದಿಲ್ಲ.

ಸತ್ತವರು ಎಷ್ಟು? 2019ರಿಂದ 2023ರವರೆಗೆ ಐದು ವರ್ಷದಲ್ಲಿ 377 ಜನ ಅಂತ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಇದು ಸರ್ಕಾರದ ಲೆಕ್ಕ. ಲೆಕ್ಕಕ್ಕೆ ಬರದೆ 'ಕುಡಿದು ಬಿದ್ದ' ಪುಸ್ತಕದಲ್ಲಿ ಸೇರಿಹೋದವರು ಬೇರೆ. ಈ ಕೆಲಸ ಮಾಡುವವರು ಯಾರು? ಅದಕ್ಕೂ ಸರ್ಕಾರದ ಲೆಕ್ಕವೇ ಇದೆ. ನಮಸ್ತೆ ಯೋಜನೆಯಲ್ಲಿ ಪಟ್ಟಿ ಮಾಡಿದ ಸುಮಾರು 38,000 ಮೋರಿ, ಗುಂಡಿ ಕೆಲಸಗಾರರಲ್ಲಿ ನೂರಕ್ಕೆ 69 ಜನ ಪರಿಶಿಷ್ಟ ಜಾತಿಯವರು ಅಂತ 2024ರಲ್ಲಿ ಹೊರಬಿತ್ತು. ಪರಿಶಿಷ್ಟ ಪಂಗಡ, ಹಿಂದುಳಿದವರನ್ನು ಸೇರಿಸಿದರೆ ನೂರಕ್ಕೆ 92. ಮೀಸಲಾತಿ ಬೇಡ, ಮೆರಿಟ್ಟು ಬೇಕು ಅಂತ ಕಾಲೇಜು ಗೇಟಿನಲ್ಲಿ ಕೂಗುವವರು ಈ ಮೀಸಲಾತಿಯ ವಿರುದ್ಧ ಒಂದು ದಿನವಾದರೂ ಧಿಕ್ಕಾರ ಕೂಗಿದ್ದಾರೆಯೇ?

2021ರ ಜುಲೈನಲ್ಲಿ ಅದೇ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ, ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ ಎಂದಿತು. ಇದು ಪದಗಳ ಕಣ್ಕಟ್ಟು. ಕಾನೂನಿನಲ್ಲಿ ಮಲ ಬಾಚುವುದು ಒಂದು ಹೆಸರು, ಗುಂಡಿಗೆ ಇಳಿದು ತೊಳೆಯುವುದು 'ಅಪಾಯಕಾರಿ ಶುಚಿಗೊಳಿಸುವಿಕೆ' ಅಂತ ಇನ್ನೊಂದು ಹೆಸರು. ಹೆಣ ಮಾತ್ರ ಒಂದೇ. ಹೆಸರು ಬದಲಿಸಿ ಲೆಕ್ಕ ಸೊನ್ನೆ ಮಾಡುವ ವಿದ್ಯೆ ಈ ದೇಶದ ಪುರೋಹಿತಶಾಹಿಗೆ ಹೊಸದೇನೂ ಅಲ್ಲ.

ಕಾನೂನು ಯಾರ ಕೊರಳಿಗೆ?

2013ರ ಕಾಯ್ದೆಯ 7ನೇ ಕಲಮು ಓದಿ. ಯಾವ ವ್ಯಕ್ತಿಯೂ, ಯಾವ ಸ್ಥಳೀಯ ಸಂಸ್ಥೆಯೂ, ಯಾವ ಏಜೆನ್ಸಿಯೂ ನೇರವಾಗಲಿ ಬಳಸುದಾರಿಯಲ್ಲಾಗಲಿ ಮೋರಿ, ಸೆಪ್ಟಿಕ್ ಟ್ಯಾಂಕಿನ ಅಪಾಯದ ಕೆಲಸಕ್ಕೆ ಯಾರನ್ನೂ ಹಚ್ಚುವಂತಿಲ್ಲ. 'ಯಾವ ವ್ಯಕ್ತಿಯೂ' ಅಂದರೆ ಮನೆ ಮಾಲೀಕನೂ ಸೇರಿದ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷ. ಜಾಮೀನು ಹಕ್ಕಾಗಿ ಸಿಗುವ ಅಪರಾಧವಲ್ಲ. 2015ರಲ್ಲಿ ತಿದ್ದಿದ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಪರಿಶಿಷ್ಟರನ್ನು ಮಲ ಬಾಚುವ ಕೆಲಸಕ್ಕೆ ಹಚ್ಚುವುದು ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಕಾಯ್ದೆಯ ನಿಯಮಗಳಲ್ಲಿ ಮನುಷ್ಯ ಮೋರಿಗೆ ಇಳಿಯಬಹುದಾದ ಕೆಲವೇ ಸಂದರ್ಭಗಳ ಪಟ್ಟಿ ಇದೆ, ಅದಕ್ಕೂ ಸ್ಥಳೀಯ ಸಂಸ್ಥೆಯ ಮುಖ್ಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಆ ಪಟ್ಟಿಯಲ್ಲಿ 'ಮಷಿನ್ನಿಗೆ ದುಡ್ಡು ಜಾಸ್ತಿ' ಅನ್ನುವ ಕಾರಣ ಇಲ್ಲ. 2025ರ ಜನವರಿ 29ರಂದು ಸುಪ್ರೀಂ ಕೋರ್ಟು ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಕೈಯಿಂದ ಮೋರಿ ತೊಳೆಸುವುದನ್ನು ನಿಲ್ಲಿಸಿ ಎಂದು ಆದೇಶ ಮಾಡಿತು. ಕಾನೂನಿಗೆ ಬರ ಇಲ್ಲ. ಕಾನೂನನ್ನು ಗೇಟಿನ ತನಕ ತೆಗೆದುಕೊಂಡು ಹೋಗುವವರಿಗೆ ಬರ.

ಅವರ ಮಾತು, ನಮ್ಮ ಉತ್ತರ

'ನಾವೇನು ಬಲವಂತ ಮಾಡಿದ್ವಾ? ಅವನೇ ಬಂದ.' ಅವನು ಬರಲಿಲ್ಲ ಸ್ವಾಮಿ, ಹಸಿವು ತಂದಿತು. ಸಾವಿರಾರು ವರ್ಷ ಭೂಮಿ ಕೊಡದೆ, ಅಕ್ಷರ ಕೊಡದೆ, ಅಂಗಡಿ ಇಡಲು ಬಿಡದೆ, ಗುಂಡಿಯೊಂದನ್ನೇ ಬಾಗಿಲು ತೆರೆದು ಇಟ್ಟವರು ಈಗ ಅವನ ಇಷ್ಟದ ಬಗ್ಗೆ ಮಾತಾಡುತ್ತಾರೆ.

'ಕಾಂಟ್ರಾಕ್ಟರಿಗೆ ಕೊಟ್ಟಿದ್ದೀವಿ, ಅವನು ಯಾರನ್ನು ಕರೀತಾನೋ ನಮಗೇನು ಗೊತ್ತು?' ಮನೆಗೆ ಬಣ್ಣ ಹೊಡೆಯುವ ಕಾಂಟ್ರಾಕ್ಟರು ಯಾವ ಕಂಪನಿ ಡಬ್ಬ ತಂದ ಅಂತ ಇಣುಕಿ ನೋಡುತ್ತೀರಿ. ಗುಂಡಿಗೆ ಯಾರು ಇಳಿದ ಅಂತ ಕಾಣುವುದಿಲ್ಲವೇ? ಬಳಸುದಾರಿಯಲ್ಲಿ ಹಚ್ಚಿದರೂ ಅಪರಾಧ ಅಂತ ಕಾಯ್ದೆ ಹೇಳಿದ್ದು ನಿಮ್ಮಂಥವರಿಗೇ.

'ನಮ್ಮ ಓಣಿ ಸಣ್ಣದು, ಟ್ಯಾಂಕರ್ ಬರಲ್ಲ.' ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ ಪೈಪು ಎಳೆಯಬಹುದು. ಸಣ್ಣ ಗಾಡಿಯ ಮೇಲೆ ಕೂರಿಸಿದ ಮಷಿನ್ನುಗಳಿವೆ. ಓಣಿಗೆ ಸಾಮಿಯಾನ ಬರುತ್ತದೆ, ತೇರು ಬರುತ್ತದೆ, ಪೈಪು ಬರುವುದಿಲ್ಲವೇ?

'ನಾವೂ ಬಡವರು.' ಈ ಮಾತನ್ನು ಮಾತ್ರ ನಾವು ತಳ್ಳಿಹಾಕುವುದಿಲ್ಲ. ಕೂಲಿ ಮಾಡುವವರ ಮನೆಗೆ ಮೂರು ಸಾವಿರ ಒಟ್ಟಿಗೆ ಕೊಡುವುದು ಕಷ್ಟವೇ. ಅದಕ್ಕೇ ಪುರಸಭೆ, ಪಂಚಾಯಿತಿಗಳು ಟ್ಯಾಂಕರು ಇಟ್ಟು ಬಡವರ ಕೇರಿಗೆ ಕಡಮೆ ದರದಲ್ಲಿ ಕಳಿಸಬೇಕು ಅಂತ ನಾವು ಕೇಳುವುದು. ಬಡವನ ಕಷ್ಟಕ್ಕೆ ಇನ್ನೊಬ್ಬ ಬಡವನ ಉಸಿರು ಪರಿಹಾರವಲ್ಲ. ಆದರೆ ಮೂರಂತಸ್ತಿನ ಮಾಲೀಕರು ಈ ಮಾತನ್ನು ಎರವಲು ತೆಗೆದುಕೊಳ್ಳಬಾರದು.

ಇನ್ನು ನಮ್ಮೊಳಗಿನ ಮಾತು. ನಮ್ಮ ಜನರಲ್ಲೂ ಓದಿದವರು, ಕೆಲಸಕ್ಕೆ ಸೇರಿದವರು, ಲೇಔಟಿನಲ್ಲಿ ಮನೆ ಕಟ್ಟಿದವರು ಇದ್ದಾರೆ. ಹಾಲ್‌ನಲ್ಲಿ ಬಾಬಾಸಾಹೇಬರ ಫೋಟೋ, ಹಿತ್ತಲಿನಲ್ಲಿ ಅದೇ ಟೈಲ್ಸು ಮುಚ್ಚಿದ ಗುಂಡಿ, ತುಂಬಿದಾಗ ಅದೇ ಐನೂರು ರೂಪಾಯಿಯ ಕರೆ. ಹೊಲೆಯ ಮಾದಿಗನಿಗೆ ಹೇಳುವುದು, ಮಾದಿಗ ಭಂಗಿಗೆ ಹೇಳುವುದು. ಈ ಏಣಿಯನ್ನು ಕಟ್ಟಿದವರು ಮೇಲೆ ಕೂತು ನಗುತ್ತಿದ್ದಾರೆ. ಜಾತಿಯು ಕೆಲಸಗಾರರನ್ನೇ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕೂರಿಸುತ್ತದೆ ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ನಾಳೆ ನೀವೂ ಮನೆ ಕಟ್ಟುತ್ತೀರಿ ಗೆಳೆಯರೇ. ನಕ್ಷೆ ಹಾಕಿಸುವ ದಿನವೇ ಟ್ಯಾಂಕರಿನ ಪೈಪು ಗುಂಡಿಗೆ ತಲುಪುವ ದಾರಿ ಬಿಡಿಸಿ, ಮುಚ್ಚಳ ತೆಗೆಯುವಂತೆ ಇಡಿಸಿ.

ಮಷಿನ್ ಬಂದರೆ ಸಾಲದು. ಮಷಿನ್ನಿನ ಯಜಮಾನ ಯಾರು ಅಂತಲೂ ಕೇಳಬೇಕು. ಟ್ಯಾಂಕರಿನ ಮಾಲೀಕ ಇನ್ನೊಬ್ಬ, ಪೈಪು ಹಿಡಿದು ಕೆಸರಿನಲ್ಲಿ ನಿಲ್ಲುವವನು ಮಾತ್ರ ನಮ್ಮವನು ಅನ್ನುವಂತಾದರೆ ಏನು ಬದಲಾಯಿತು? ತುಂಬಿದ ಟ್ಯಾಂಕರು ಎಲ್ಲಿ ಖಾಲಿಯಾಗುತ್ತದೆ ಅಂತಲೂ ಕೇಳಬೇಕು. ದೇವನಹಳ್ಳಿಯಲ್ಲಿ 2015ರಲ್ಲೇ ಗುಂಡಿಯ ಕೆಸರನ್ನು ಶುದ್ಧ ಮಾಡಿ ಗೊಬ್ಬರ ಮಾಡುವ ಘಟಕ ಬಂದಿತು. ಅದಿಲ್ಲದ ಊರುಗಳಲ್ಲಿ ರಾತ್ರೋರಾತ್ರಿ ಕೆರೆಗೆ, ಹಳ್ಳಕ್ಕೆ, ಕೇರಿಯ ಪಕ್ಕದ ಬಯಲಿಗೆ ಸುರಿದು ಹೋಗುತ್ತಾರೆ. ಊರ ನಡುವಿನ ಹೇಲು ತಿರುಗಿ ನಮ್ಮ ಕೇರಿಗೇ ಬರುತ್ತದೆ.

ಆದ್ದರಿಂದ ನಮ್ಮ ಒತ್ತಾಯಗಳು:

1. ಪ್ರತಿ ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳ ಗುಂಪಿಗೆ ಸರ್ಕಾರದ್ದೇ ಟ್ಯಾಂಕರು ಮತ್ತು ಜೆಟ್ಟಿಂಗ್ ಮಷಿನ್ ಇರಬೇಕು. ದರವನ್ನು ಕಚೇರಿಯ ಗೋಡೆಯ ಮೇಲೆ ಬರೆಯಬೇಕು. ಬಡವರ ಕೇರಿಗೆ ಕಡಮೆ ದರ.

2. ಮನೆ ನಕ್ಷೆಗೆ ಮಂಜೂರಾತಿ ಕೊಡುವಾಗ ಟ್ಯಾಂಕರಿನ ಪೈಪಿಗೆ ದಾರಿ ಇದೆಯೇ ಎಂದು ನೋಡಬೇಕು. ಮೂರು ವರ್ಷಕ್ಕೊಮ್ಮೆ ಗುಂಡಿ ತೆಗೆಸಿದ ರಶೀದಿಯನ್ನು ಮನೆ ಕಂದಾಯದ ಜೊತೆ ಕೇಳಬೇಕು.

3. ಇಷ್ಟು ದಿನ ಇಳಿದು ದುಡಿದವರಿಗೇ ಮಷಿನ್ನಿನ ಮಾಲೀಕತ್ವ, ಇಲ್ಲವೇ ಕಾಯಂ ಕೆಲಸ. ಕಾಯ್ದೆಯ ಪುನರ್ವಸತಿ ಹಣವನ್ನು ಕಚೇರಿ ಅಲೆಸದೆ ಕೊಡಬೇಕು.

4. ಗುಂಡಿಯಲ್ಲಿ ಸಾವಾದ ಕಡೆ ಮನೆ ಮಾಲೀಕ, ಅಪಾರ್ಟ್‌ಮೆಂಟ್ ಸಂಘ, ಕಾಂಟ್ರಾಕ್ಟರ್ ಎಲ್ಲರ ಮೇಲೂ 2013ರ ಕಾಯ್ದೆ ಮತ್ತು ದೌರ್ಜನ್ಯ ತಡೆ ಕಾಯ್ದೆಯಡಿ ಕೇಸು ಹಾಕಬೇಕು. 'ಆಕಸ್ಮಿಕ' ಎಂದು ಬರೆದು ಮುಚ್ಚಬಾರದು.

5. ವಸತಿ ಶಾಲೆ, ಹಾಸ್ಟೆಲುಗಳ ಗುಂಡಿ ತೆಗೆಸಲು ಪ್ರತ್ಯೇಕ ಹಣ ಇಡಬೇಕು. ಮಕ್ಕಳ ಕೈಗೆ ಬಕೆಟ್ಟು ಕೊಟ್ಟವರು ಮತ್ತೆ ಆ ಕುರ್ಚಿಗೆ ಬರಬಾರದು.

ಹಾಸ್ಟೆಲ್ ಗೆಳೆಯರೇ, ಒತ್ತಾಯ ಬರೆದು ಮಲಗಿದರೆ ಆಗುವುದಿಲ್ಲ. ಈ ವಾರವೇ ನಿಮ್ಮ ಹಾಸ್ಟೆಲಿನ ಗುಂಡಿ ಎಲ್ಲಿದೆ, ಕೊನೆಗೆ ಯಾವಾಗ ತೆಗೆಸಿದರು, ಯಾರು ತೆಗೆದರು, ಎಷ್ಟು ಬಿಲ್ಲು ಹಾಕಿದರು ಅಂತ ವಾರ್ಡನ್ನನ್ನು ಕೇಳಿ. ಬಾಯಿ ಮಾತಿಗೆ ಬಗ್ಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಬರೆದು ಕೇಳಿ. ಟ್ಯಾಂಕರಿಗೆ ಬಿಲ್ಲು ಹಾಕಿ ಮನುಷ್ಯನನ್ನು ಇಳಿಸಿದ್ದರೆ ಅಲ್ಲಿ ಕಳ್ಳತನವೂ ಇದೆ, ಕೊಲೆಯ ಯತ್ನವೂ ಇದೆ. ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಈ ಹಾಳೆ ಓದಿ ಹೇಳಿ. ಅಪ್ಪ, ಚಿಕ್ಕಪ್ಪ, ಅಣ್ಣ, ಯಾರಿಗೆ ಕರೆ ಬಂದರೂ ಎದುರಿಗೆ ನಿಲ್ಲಿ. ಐನೂರು ರೂಪಾಯಿ ಬಿಟ್ಟರೆ ಒಲೆ ಉರಿಯುವುದಿಲ್ಲ ಅಂದರೆ ಆ ಐನೂರನ್ನು ಒಟ್ಟಿಗೆ ಹೊಂದಿಸಿ, ಆದರೆ ಇಳಿಯಲು ಬಿಡಬೇಡಿ. ಯಾರಾದರೂ ಗುಂಡಿಯಲ್ಲಿ ಬಿದ್ದಿದ್ದರೆ ಹಿಂದೆಯೇ ಹಾರಬೇಡಿ. ಮುಚ್ಚಳಗಳನ್ನೆಲ್ಲ ತೆಗೆಯಿರಿ, ಅಗ್ನಿಶಾಮಕದವರಿಗೆ 112ಕ್ಕೆ ಕೂಗು ಹಾಕಿ. ಎತ್ತಲು ಹೋದವರ ಹೆಣಗಳನ್ನು ನಾವು ಸಾಕಷ್ಟು ಎಣಿಸಿದ್ದೇವೆ.

ಗುಂಡಿ ತುಂಬಿದ ಮನೆಯವರಿಗೆ 14420 ಎಂಬ ಸಹಾಯವಾಣಿ ಇದೆ, 2020ರಲ್ಲಿ ಶುರುವಾಯಿತು. ಎತ್ತದಿದ್ದರೆ ಪುರಸಭೆಯ ಮುಂದೆ ಹೋಗಿ ಕೂರಲಿ, ನಾವೂ ಜೊತೆಗೆ ಬರುತ್ತೇವೆ. ನಿಮ್ಮ ಮಲಕ್ಕೆ ನೀವು ದಿನಕ್ಕೆ ಎರಡು ರೂಪಾಯಿ ಎಪ್ಪತ್ತನಾಲ್ಕು ಪೈಸೆ ಕೊಡಿ. ನಮ್ಮ ಮಕ್ಕಳನ್ನು ಕೇಳಬೇಡಿ.

ಜೈಭೀಮ್.